ಮಗಳು ಮೈದಾನಕ್ಕೆ ಇಳಿದಾಗ

"ಡಾಕ್ಟ್ರೇ, ಹೆಣ್ಣುಮಗು. ಆಡೋಕೆ ಹೋಗಿ ಕೈಕಾಲು ಮುರ್ಕೊಂಡ್ರೆ ನಾಳೆ ಏನು ಗತಿ?" ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ತಂದೆತಾಯಿಗಳು ಹೀಗೆ ಕೇಳುವುದು ಹೊಸದೇನಲ್ಲ. ಪ್ರಶ್ನೆಯಲ್ಲಿ ತಪ್ಪೂ ಇಲ್ಲ. ಆಡಿದವರಿಗೆ ಪೆಟ್ಟು ಬೀಳುತ್ತದೆ. ಆದರೆ ಪೆಟ್ಟಿಗೆ ಹೆದರಿ ಮಗಳನ್ನು ಮನೆಯಲ್ಲೇ ಕೂರಿಸಿದರೆ ಮೂಳೆ, ಹೃದಯ, ಮನಸ್ಸು ಮೂರೂ ಸೊರಗುತ್ತವೆ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಓಡಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ಯೋಚಿಸಬೇಕಾದದ್ದು ಆಡಿಸಬೇಕೋ ಬೇಡವೋ ಎಂದಲ್ಲ. ಆಡುವ ಮಗಳ ದೇಹವನ್ನೂ ಮನಸ್ಸನ್ನೂ ಕಾಯುವುದು ಹೇಗೆ ಎಂದು.

ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ವೇದಾ ಕೃಷ್ಣಮೂರ್ತಿ ಹುಟ್ಟಿದ್ದು ಕಡೂರಿನಲ್ಲಿ, 1992ರ ಅಕ್ಟೋಬರ್ 16ರಂದು. ಬಾಲ್ಯದಲ್ಲಿ ಕರಾಟೆ ಕಲಿತು ಕಪ್ಪು ಬೆಲ್ಟ್ ಪಡೆದ ಹುಡುಗಿ, ಮುಂದೆ ಕ್ರಿಕೆಟ್ ತರಬೇತಿಗಾಗಿ ಬೆಂಗಳೂರು ಸೇರಿದರು. 2011ರ ಜೂನ್ 30ರಂದು ಇಂಗ್ಲೆಂಡ್ ವಿರುದ್ಧ ಡರ್ಬಿಯಲ್ಲಿ ಆಡಿದ ಮೊದಲ ಏಕದಿನ ಪಂದ್ಯದಲ್ಲೇ 51 ರನ್ ಹೊಡೆದರು. ಆಗ ಅವರಿಗೆ 18 ವರ್ಷ. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 45 ಎಸೆತಗಳಲ್ಲಿ 70 ರನ್ ಬಾರಿಸಿದ್ದು, ಲಾರ್ಡ್ಸ್‌ನ ಫೈನಲ್‌ನಲ್ಲಿ 35 ರನ್ ಗಳಿಸಿದ್ದು ಅನೇಕರಿಗೆ ನೆನಪಿರಬಹುದು. ಆ ಪಂದ್ಯವನ್ನು ಭಾರತ 9 ರನ್‌ಗಳಿಂದ ಸೋತಿತು. ಒಟ್ಟು 48 ಏಕದಿನ ಮತ್ತು 76 ಟಿ-20 ಅಂತರರಾಷ್ಟ್ರೀಯ ಪಂದ್ಯ ಆಡಿದ ಅವರು ಚುರುಕಾದ ಫೀಲ್ಡರ್ ಎಂದೂ ಹೆಸರಾಗಿದ್ದರು. 2020ರ ಮಾರ್ಚ್ 8ರಂದು ಮೆಲ್ಬರ್ನ್‌ನಲ್ಲಿ ನಡೆದ ಟಿ-20 ವಿಶ್ವಕಪ್ ಫೈನಲ್ ದೇಶಕ್ಕಾಗಿ ಅವರು ಆಡಿದ ಕೊನೆಯ ಪಂದ್ಯವಾಯಿತು. 2025ರ ಜುಲೈನಲ್ಲಿ, 32ನೇ ವಯಸ್ಸಿನಲ್ಲಿ, ನಿವೃತ್ತಿ ಘೋಷಿಸಿದರು.

ಲೆಕ್ಕ ಹಾಕಿ ನೋಡಿ. ಬೇರೆ ನೌಕರಿಯಲ್ಲಿ ಬಡ್ತಿ ಸಿಗುವ ವಯಸ್ಸಿಗೆ ಆಟಗಾರ್ತಿಯ ವೃತ್ತಿ ಮುಗಿದಿರುತ್ತದೆ. ಅಮೆರಿಕದ ಫುಟ್‌ಬಾಲ್‌ನಲ್ಲಿ ದೂರದಿಂದ ಎಸೆದ ಚೆಂಡನ್ನು ಓಡುತ್ತಲೇ ಹಿಡಿಯುವ 'ವೈಡ್ ರಿಸೀವರ್' ಎಂಬ ಆಟಗಾರನಿರುತ್ತಾನೆ. ಚೆಂಡು ಕೈಗೆ ಬಂದ ಮರುಕ್ಷಣವೇ ಎದುರಾಳಿಗಳು ಮೈಮೇಲೆ ಎರಗುತ್ತಾರೆ. ಕೋಟಿಗಟ್ಟಲೆ ಹಣ ಸಿಕ್ಕರೂ ಬಹುಪಾಲು ಆಟಗಾರರ ವೃತ್ತಿ ಕೆಲವೇ ವರ್ಷಗಳದ್ದು. ಆದರೆ ಸವೆದ ಮಂಡಿ, ಪೆಟ್ಟು ತಿಂದ ಮಿದುಳು ಉಳಿದ ಆಯುಷ್ಯವಿಡೀ ಜೊತೆಗಿರುತ್ತವೆ. ಆಟ ಯಾವುದೇ ಇರಲಿ, ಈ ಮಾತನ್ನು ಮನೆಯವರು ಮೊದಲ ದಿನವೇ ತಿಳಿದಿರಬೇಕು.

ಚಿಕ್ಕ ವಯಸ್ಸಿಗೆ ಒಂದೇ ಆಟ ಬೇಡ

ಎಂಟು ವರ್ಷದ ಮಗುವಿಗೆ ವರ್ಷವಿಡೀ ಒಂದೇ ಆಟದ ತರಬೇತಿ ಕೊಡಿಸುವುದು ಈಗ ಪಟ್ಟಣಗಳಲ್ಲಿ ರೂಢಿಯಾಗಿದೆ. ಒಂದೇ ಬಗೆಯ ಚಲನೆಯಿಂದ ಅದದೇ ಸ್ನಾಯು, ಅದದೇ ಮೂಳೆಯ ಮೇಲೆ ಭಾರ ಬಿದ್ದು, ಬೆಳೆಯುವ ಮೂಳೆಯ ತುದಿಗಳು ನೋಯತೊಡಗುತ್ತವೆ. ಮಕ್ಕಳಿಗೆ ಆಟದ ಮೇಲಿನ ಆಸೆಯೂ ಬೇಗ ಬತ್ತುತ್ತದೆ. ಖೋಖೋ, ಕಬಡ್ಡಿ, ಓಟ, ಈಜು, ಕರಾಟೆ ಎಲ್ಲವೂ ಇರಲಿ. ವೇದಾ ಅವರ ಬಾಲ್ಯದ ಕರಾಟೆ ವ್ಯರ್ಥವಾಯಿತೆಂದು ತಿಳಿಯಬೇಡಿ. ಸಮತೋಲನ, ಬಿದ್ದರೂ ಏಳುವ ಅಭ್ಯಾಸ, ಚುರುಕು ಇವು ಯಾವ ಆಟಕ್ಕಾದರೂ ಬಂಡವಾಳವೇ. ವಾರಕ್ಕೆ ಒಂದೆರಡು ದಿನ ಪೂರ್ತಿ ಬಿಡುವು, ರಾತ್ರಿ ಎಂಟರಿಂದ ಹತ್ತು ಗಂಟೆ ನಿದ್ದೆ ಕಡ್ಡಾಯ.

ರಕ್ತ ಕಡಿಮೆಯಿದ್ದರೆ ಓಟವೂ ಕಡಿಮೆ

"ಮೊದಲು ಚೆನ್ನಾಗಿ ಓಡ್ತಿದ್ಲು, ಈಗ ಬೇಗ ಸುಸ್ತಾಗ್ತಾಳೆ" ಎಂದು ಕೋಚ್ ಹೇಳಿದರೆ ಅದನ್ನು ಸೋಮಾರಿತನ ಎನ್ನಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ಹನ್ನೆರಡು ವರ್ಷ ದಾಟಿದ ಹುಡುಗಿಯ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಸ್ನಾಯುಗಳಿಗೆ ಆಮ್ಲಜನಕ ಒಯ್ಯುವುದೇ ಹಿಮೋಗ್ಲೋಬಿನ್. ಅದು ಸಾಲದಿದ್ದರೆ ಎಂಥ ಕೋಚ್ ಇದ್ದರೂ ಪ್ರಯೋಜನವಿಲ್ಲ.

ನಮ್ಮ ಅಡುಗೆಮನೆಯಲ್ಲೇ ಮದ್ದಿದೆ. ಹುರುಳಿಕಟ್ಟಿನ ಸಾರು, ದಂಟು, ನುಗ್ಗೆಸೊಪ್ಪು, ಕಾಳುಗಳು, ತಿನ್ನುವವರಾದರೆ ಮೊಟ್ಟೆ, ಮಾಂಸ, ಮೀನು. ರಾಗಿಮುದ್ದೆ ಮೂಳೆಗೆ ಬೇಕಾದ ಸುಣ್ಣದಂಶವನ್ನು ಧಾರಾಳವಾಗಿ ಕೊಡುತ್ತದೆ. ಊಟದ ಜೊತೆ ನಿಂಬೆರಸ ಅಥವಾ ನೆಲ್ಲಿಕಾಯಿ ಇದ್ದರೆ ಕಬ್ಬಿಣದಂಶ ಚೆನ್ನಾಗಿ ಹೀರಿಕೆಯಾಗುತ್ತದೆ. ಊಟವಾದ ಕೂಡಲೇ ಕುಡಿಯುವ ಕಾಫಿ, ಟೀ ಅದನ್ನು ತಡೆಯುತ್ತವೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ಸರ್ಕಾರಿ ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನು ಮಕ್ಕಳು ಎಸೆಯದಂತೆ ನೋಡಿಕೊಳ್ಳಿ. ಊಟದ ನಂತರ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ. ಮಲ ಕಪ್ಪಾದರೆ ಗಾಬರಿ ಬೇಡ. ಜಂತುಹುಳುವಿನ ಮಾತ್ರೆಯನ್ನೂ ತಪ್ಪಿಸಬೇಡಿ.

ಮುಟ್ಟಿನ ದಿನಗಳಲ್ಲಿ ಆಡಬಾರದೆಂಬ ನಿಯಮ ವೈದ್ಯಶಾಸ್ತ್ರದಲ್ಲಿಲ್ಲ. ನೋವು, ಸುಸ್ತು ಇದ್ದರೆ ವಿಶ್ರಾಂತಿ, ಇಲ್ಲದಿದ್ದರೆ ಆಟ. ಆದರೆ ಸರಿಯಾಗಿ ಬರುತ್ತಿದ್ದ ಮುಟ್ಟು ಮೂರು ತಿಂಗಳು ನಿಂತರೆ ವೈದ್ಯರನ್ನು ಕಾಣಲೇಬೇಕು. ಆಟದಲ್ಲಿ ಖರ್ಚಾಗುವಷ್ಟು ಶಕ್ತಿ ಊಟದಿಂದ ಸಿಗುತ್ತಿಲ್ಲ ಎಂಬುದಕ್ಕೆ ಅದು ಸೂಚನೆಯಾಗಿರಬಹುದು. ಅಂಥ ಹುಡುಗಿಯರ ಮೂಳೆಗಳು ತೆಳುವಾಗಿ ಸಣ್ಣ ಕಾರಣಕ್ಕೂ ಬಿರುಕು ಬಿಡುತ್ತವೆ.

ಮಂಡಿ ಮತ್ತು ಬೆರಳು

ಓಡುತ್ತಾ ಗಕ್ಕನೆ ನಿಲ್ಲುವಾಗ, ತಿರುಗುವಾಗ, ಎಗರಿ ನೆಲಕ್ಕೆ ಇಳಿಯುವಾಗ ಮಂಡಿಯೊಳಗಿನ ಎ.ಸಿ.ಎಲ್. ಎಂಬ ಅಸ್ಥಿರಜ್ಜು ಹರಿಯಬಹುದು. ಈ ಅಪಾಯ ಹುಡುಗರಿಗಿಂತ ಹುಡುಗಿಯರಿಗೆ ಹಲವು ಪಟ್ಟು ಹೆಚ್ಚು. "ಟಕ್" ಎಂದ ಅನುಭವ, ಕೆಲವೇ ಗಂಟೆಗಳಲ್ಲಿ ಊತ, ನಡೆಯುವಾಗ ಮಂಡಿ ಜಾರಿದಂತಾಗುವುದು ಇದರ ಲಕ್ಷಣ. ಕೂಡಲೇ ಬಿಸಿ ಎಣ್ಣೆ ಹಾಕಿ ತಿಕ್ಕಿಸುವುದು, ಎಳೆದು ಕಟ್ಟಿಸುವುದು ಬೇಡ. ಇದರಿಂದ ಒಳಗಿನ ರಕ್ತಸ್ರಾವ ಹೆಚ್ಚುತ್ತದೆ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15–20 ನಿಮಿಷ ಇಡಿ, ಹದವಾಗಿ ಪಟ್ಟಿ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಮೂಳೆ ತಜ್ಞರಿಗೆ ತೋರಿಸಿ. ಶಸ್ತ್ರಚಿಕಿತ್ಸೆಯಾದರೆ ಮೈದಾನಕ್ಕೆ ಮರಳಲು ಸುಮಾರು ಒಂಬತ್ತು ತಿಂಗಳಾದರೂ ಬೇಕು. ಅವಸರಪಟ್ಟರೆ ಮತ್ತೆ ಹರಿಯುತ್ತದೆ.

ಆಟಕ್ಕೆ ಮುನ್ನ 15–20 ನಿಮಿಷ ಮೆಲ್ಲಗೆ ಓಟ, ಬಸ್ಕಿ, ಒಂಟಿಕಾಲಿನ ಸಮತೋಲನ, ಮಂಡಿ ಒಳಕ್ಕೆ ಬಾಗದಂತೆ ಎಗರಿ ಇಳಿಯುವ ಅಭ್ಯಾಸ ಇವುಗಳನ್ನು ತಪ್ಪದೆ ಮಾಡಿಸಿದರೆ ಇಂಥ ಪೆಟ್ಟುಗಳನ್ನು ಬಹುಮಟ್ಟಿಗೆ ತಡೆಯಬಹುದು. ಇದಕ್ಕೆ ಕಾಸೂ ಖರ್ಚಿಲ್ಲ.

ಕ್ಯಾಚ್ ಹಿಡಿಯುವಾಗ ಚೆಂಡು ಬೆರಳ ತುದಿಗೆ ಬಡಿದು, ತುದಿ ಜೋತುಬಿದ್ದು ನೇರವಾಗದಿದ್ದರೆ ಜಗ್ಗಿ ಲಟಿಕೆ ತೆಗೆಯಬೇಡಿ. ಎಕ್ಸ್-ರೇ ತೆಗೆಸಿ, ಆಸರೆಪಟ್ಟಿ ಹಾಕಿಸಿ ಆರರಿಂದ ಎಂಟು ವಾರ ಬೆರಳನ್ನು ನೇರವಾಗಿಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ತಲೆಗೆ ಪೆಟ್ಟು ಬಿದ್ದರೆ

ಇಲ್ಲಿ ಉದಾಸೀನ ಸಲ್ಲದು. ಅಮೆರಿಕದ ಫುಟ್‌ಬಾಲ್ ಆಟಗಾರರೊಬ್ಬರ ಮಿದುಳನ್ನು ಅವರ ಮರಣಾನಂತರ ಪರೀಕ್ಷಿಸಿದ ಡಾ. ಬೆನೆಟ್ ಒಮಾಲು, ಮತ್ತೆ ಮತ್ತೆ ಬಿದ್ದ ಪೆಟ್ಟುಗಳಿಂದಾದ ಹಾನಿಯನ್ನು 2005ರಲ್ಲಿ ವರದಿ ಮಾಡಿದರು. 2014ರಲ್ಲಿ ಆಸ್ಟ್ರೇಲಿಯಾದ ಬ್ಯಾಟ್ಸ್‌ಮನ್ ಫಿಲಿಪ್ ಹ್ಯೂಸ್ ಕುತ್ತಿಗೆಗೆ ಚೆಂಡು ಬಡಿದು ತೀರಿಕೊಂಡರು. ತಲೆಗೆ ಪೆಟ್ಟಾದ ಆಟಗಾರರ ಬದಲು ಇನ್ನೊಬ್ಬರನ್ನು ಆಡಿಸುವ ನಿಯಮ ಅಂತರರಾಷ್ಟ್ರೀಯ ಕ್ರಿಕೆಟ್‌ಗೆ 2019ರಲ್ಲಿ ಬಂತು.

ನಮ್ಮ ಊರ ಮೈದಾನಕ್ಕೂ ಅದೇ ನಿಯಮವಿರಲಿ. ತಲೆಗೆ ಪೆಟ್ಟು ಬಿದ್ದು ಮಂಕಾದ ಮಗುವನ್ನು ಅಂದು ಮತ್ತೆ ಆಡಿಸಕೂಡದು. ವಾಂತಿ, ಹೆಚ್ಚುತ್ತಿರುವ ತಲೆನೋವು, ತೊದಲು ಮಾತು, ಸೆಳವು, ಎಚ್ಚರ ತಪ್ಪುವುದು, ಕಿವಿ ಮೂಗಿನಿಂದ ರಕ್ತ ಅಥವಾ ನೀರು ಇವುಗಳಲ್ಲಿ ಒಂದು ಕಂಡರೂ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಎಕ್ಸ್-ರೇಯಲ್ಲಿ ಕಾಣದ ಗಾಯ

2021ರ ಕೋವಿಡ್ ಎರಡನೇ ಅಲೆಯಲ್ಲಿ ವೇದಾ ಕೃಷ್ಣಮೂರ್ತಿಯವರು ಏಪ್ರಿಲ್‌ನಲ್ಲಿ ತಾಯಿಯನ್ನೂ ಮೇ ತಿಂಗಳಲ್ಲಿ ಅಕ್ಕನನ್ನೂ ಕಳೆದುಕೊಂಡರು. ಅದಕ್ಕೂ ಮೊದಲೇ ಅವರು ಭಾರತ ತಂಡದಿಂದ ಹೊರಬಿದ್ದಿದ್ದರು. ಇಂಥ ಆಘಾತದ ಮುಂದೆ ಗೆಲುವು ಸೋಲಿನ ಮಾತೆಲ್ಲ ಸಣ್ಣದು. ಆದರೂ ಅವರು ಮೈದಾನಕ್ಕೆ ಮರಳಿದರು. 2024ರಲ್ಲಿ ಮಹಿಳಾ ಪ್ರೀಮಿಯರ್ ಲೀಗ್‌ನಲ್ಲಿ ಗುಜರಾತ್ ತಂಡದ ಪರವಾಗಿ ಆಡಿದರು.

ಆಡುವವರ ಮನಸ್ಸು ಕಲ್ಲಲ್ಲ. ತಂಡದಿಂದ ಕೈಬಿಟ್ಟಾಗ, ಪೆಟ್ಟಾಗಿ ಮನೆಯಲ್ಲಿ ಕೂತಾಗ, ಹತ್ತಿರದವರು ಅಗಲಿದಾಗ ದುಃಖವಾಗುವುದು ಸಹಜ. ಅಳುವ ಮಗಳಿಗೆ "ಆಟಗಾರ್ತಿ ನೀನು, ಗಟ್ಟಿಯಾಗಿರು" ಎನ್ನುವುದು ಸಾಂತ್ವನವಲ್ಲ. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ. ಎರಡು ವಾರ ದಾಟಿದರೂ ನಿದ್ದೆ, ಊಟ ಸೇರದಿದ್ದರೆ, ಇಷ್ಟದ ಆಟವೂ ಬೇಡವಾದರೆ ವೈದ್ಯರ ನೆರವು ಪಡೆಯಿರಿ. ಬದುಕೇ ಬೇಡ ಎಂಬ ಮಾತು ಬಂದರಂತೂ ಒಂದು ದಿನವೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ.

ಹೆತ್ತವರಿಗೆ ಕೊನೆಯ ಮಾತು

2025ರ ನವೆಂಬರ್ 2ರಂದು ಭಾರತದ ಮಹಿಳೆಯರು ಏಕದಿನ ವಿಶ್ವಕಪ್ ಗೆದ್ದ ಮೇಲೆ ಬ್ಯಾಟು ಹಿಡಿಯುವ ಆಸೆ ಎಷ್ಟೋ ಹುಡುಗಿಯರಲ್ಲಿ ಚಿಗುರಿದೆ. ಎಲ್ಲರೂ ಭಾರತ ತಂಡ ಸೇರುವುದಿಲ್ಲ, ಸೇರಬೇಕಾಗಿಯೂ ಇಲ್ಲ. ಓದನ್ನು ಕೈಬಿಡದಿರಲಿ, ಆಟ ನಿಂತ ದಿನ ಹಿಡಿಯಲು ಇನ್ನೊಂದು ಕೆಲಸ ಬೇಕು. ಶಾಲೆಯ ತಂಡಕ್ಕೆ ಸೇರುವ ಮೊದಲು ಒಮ್ಮೆ ಎತ್ತರ, ತೂಕ, ಹಿಮೋಗ್ಲೋಬಿನ್, ಕಣ್ಣು, ಹೃದಯ ಪರೀಕ್ಷೆ ಮಾಡಿಸಿ. ಆಡುವಾಗ ಎದೆನೋವು ಬಂದರೆ, ತಲೆಸುತ್ತಿ ಬಿದ್ದರೆ, ಇಲ್ಲವೆ ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಹಠಾತ್ ಸಾವು ಆಗಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ. ಸೋತು ಬಂದ ಸಂಜೆ ಸ್ಕೋರು ಕೇಳುವ ಮೊದಲು "ಊಟ ಮಾಡಿದೆಯಾ, ಎಲ್ಲಾದರೂ ನೋಯ್ತಿದೆಯಾ?" ಎಂದು ಕೇಳಿ. ಇಷ್ಟನ್ನು ನೋಡಿಕೊಂಡರೆ ಮಗಳನ್ನು ಆಡಲು ಕಳಿಸುವುದಕ್ಕೆ ಹೆದರಬೇಕಾಗಿಲ್ಲ.