ಕಡಲ ಕೊಳವೆಹುಳುಗಳ ಪಾಲನೆ

ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ಸುರಿದ ಮಳೆಯ ನೀರು ವೇದಾವತಿಯನ್ನೋ ಭದ್ರೆಯನ್ನೋ ಕೂಡಿ, ಬಹುದೂರ ಹರಿದು, ಕಡೆಗೆ ಕೃಷ್ಣೆಯೊಡನೆ ಬಂಗಾಳ ಕೊಲ್ಲಿಯನ್ನು ಸೇರುವುದು. ಪಡುಗಡಲಾದರೋ ಘಟ್ಟದ ಆಚೆಗಿದೆ. ಇಂತಹ ಒಳನಾಡಿನವರು ಸಮುದ್ರದ ಜೀವಿಯೊಂದನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕಬಯಸಿದರೆ, ಮೊದಲು ಸಮುದ್ರವನ್ನೇ ಅಣಿಮಾಡಿಕೊಳ್ಳಬೇಕು. ಅಂತಹ ತೊಟ್ಟಿಗಳಿಗೆ ಶೋಭೆಯನ್ನೀಯುವ ಕೊಳವೆಹುಳುಗಳ ಆರೈಕೆಯ ಕ್ರಮವನ್ನು ಇಲ್ಲಿ ಸಂಗ್ರಹವಾಗಿ ತಿಳಿಸುವೆವು.

ಕೊಳವೆಹುಳುವು ನಮ್ಮ ಅಡಿಕೆತೋಟದ ಎರೆಹುಳುವಿನ ದೂರದ ಬಂಧು. ಎರಡರ ದೇಹವೂ ಉಂಗುರಗಳನ್ನು ಜೋಡಿಸಿದಂತೆ ಇರುವುದು. ಆದರೆ ಇದು ತಾನೇ ಕಟ್ಟಿದ ಕೊಳವೆಯೊಳಗೆ ಜೀವಮಾನವನ್ನು ಕಳೆಯುತ್ತದೆ. ಕೆಲವು ಜಾತಿಗಳು ಸುಣ್ಣದ ಗಟ್ಟಿ ಕೊಳವೆಯನ್ನು ಕಟ್ಟುವುವು. ಮತ್ತೆ ಕೆಲವು ಮರಳು ಕೆಸರುಗಳನ್ನು ತಮ್ಮ ಲೋಳೆಯಿಂದ ಅಂಟಿಸಿ ಮೆದುವಾದ ಕೊಳವೆಯನ್ನು ಮಾಡಿಕೊಳ್ಳುವುವು. ತಲೆಯ ಮೇಲೆ ಅರಳುವ ಗರಿಗಳ ಕಿರೀಟವು ಬರಿಯ ಅಲಂಕಾರವಲ್ಲ. ಉಸಿರಾಟವೂ ಆಹಾರಸಂಗ್ರಹವೂ ಅದರಿಂದಲೇ ನಡೆಯುವುವು. ನೆರಳು ಸುಳಿದ ಮಾತ್ರಕ್ಕೆ ಹುಳುವು ಅದನ್ನು ಥಟ್ಟನೆ ಒಳಕ್ಕೆ ಸೆಳೆದುಕೊಳ್ಳುವುದು.

ಮೀನು ಮೇವನ್ನು ಹುಡುಕಿ ಹೋಗಬಲ್ಲುದು, ಕೊಳವೆಹುಳು ಹೋಗಲಾರದು. ಅನ್ನವೂ ಪ್ರಾಣವಾಯುವೂ ನೀರಿನೊಡನೆ ಅದರ ಬಾಗಿಲಿಗೇ ಬರಬೇಕು. ಹಸಿದರೆ ಕೂಗದು, ತಿಂಗಳುಗಟ್ಟಲೆ ಸೊರಗಿದರೂ ನಮಗೆ ತಿಳಿಯದು. ಆದುದರಿಂದ ನೀರಿನ ಆರೈಕೆಯೇ ಇದರ ಆರೈಕೆಯೆಂದು ತಿಳಿಯತಕ್ಕದ್ದು.

ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರು ಈ ಕೆಲಸಕ್ಕೆ ಬಾರದು. ಆರ್.ಓ. ಯಂತ್ರದಲ್ಲಿ ಶುದ್ಧಿಮಾಡಿದ ನೀರಿಗೆ, ತೊಟ್ಟಿಗಳಿಗೆಂದೇ ಮಾರುವ ಸಮುದ್ರಲವಣವನ್ನು ಬೆರೆಸಬೇಕು. ಅಡಿಗೆಯ ಉಪ್ಪಿನಲ್ಲಿ ಕಡಲಿನ ಮೆಗ್ನೀಷಿಯಂ, ಕ್ಯಾಲ್ಸಿಯಂ ಮೊದಲಾದವು ತಕ್ಕಷ್ಟಿಲ್ಲ. ಲವಣಾಂಶವು ಲೀಟರಿಗೆ ಸುಮಾರು ೩೫ ಗ್ರಾಂ, ಉಷ್ಣತೆಯು ೨೪ರಿಂದ ೨೭ ಡಿಗ್ರಿ ಸೆಲ್ಸಿಯಸ್, ಪಿ.ಎಚ್. ೮.೧ರಿಂದ ೮.೪ ಇರುವುದು ಒಳ್ಳೆಯದು. ಸುಣ್ಣದ ಕೊಳವೆಯ ಜಾತಿಗಳಿಗೆ ಲೀಟರಿಗೆ ೪೦೦ ಮಿಲಿಗ್ರಾಮಿಗೆ ಕಡಮೆಯಿಲ್ಲದಂತೆ ಕ್ಯಾಲ್ಸಿಯಂ ಬೇಕು. ಬೇಸಗೆಯಲ್ಲಿ ನೀರು ಆರಿದರೂ ಉಪ್ಪು ಉಳಿಯುವುದರಿಂದ, ಆರಿದಷ್ಟಕ್ಕೆ ಶುದ್ಧವಾದ ಸಿಹಿನೀರನ್ನೇ ತುಂಬಬೇಕು. ನಮ್ಮ ಗೃಹಿಣಿಯರು ಒಂದನ್ನು ಮರೆಯಬಾರದು: ತಾಮ್ರದ ಹಂಡೆಯಲ್ಲಾಗಲಿ ಹಿತ್ತಾಳೆಯ ಬಿಂದಿಗೆಯಲ್ಲಾಗಲಿ ಈ ನೀರನ್ನು ಇಡಕೂಡದು. ತಾಮ್ರದ ಅಲ್ಪಾಂಶವೂ ಈ ಹುಳುಗಳಿಗೆ ವಿಷ. ಮೀನುಗಳಿಗೆ ಹಾಕುವ ತಾಮ್ರಯುಕ್ತ ಔಷಧವೂ ಹಾಗೆಯೇ. ವಿದ್ಯುತ್ತು ನಿಂತಾಗ ಗಾಳಿಯೂದಲು ಬ್ಯಾಟರಿಯ ಪಂಪೊಂದು ಸಿದ್ಧವಿರಲಿ.

ಹೊಸ ತೊಟ್ಟಿಗೆ ಹುಳುವನ್ನು ಕೂಡಲೇ ಬಿಡಬಾರದು. ಕಲ್ಮಷವನ್ನು ಅರಗಿಸುವ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ಹಲವು ವಾರಗಳು ಬೇಕು. ಬಳಿಕ ತೊಟ್ಟಿಯ ನೀರನ್ನು ಹನಿಹನಿಯಾಗಿ ಬೆರೆಸುತ್ತ ಹುಳುವನ್ನು ಹೊಂದಿಸಿ, ಕೊಳವೆಯೊಳಗೆ ಗಾಳಿ ಸೇರದಂತೆ ನೀರಿನಲ್ಲಿಯೇ ಸಾಗಿಸಿ, ಮಂದವಾದ ಪ್ರವಾಹವಿರುವ ಕಡೆ ಕಲ್ಲುಗಳ ನಡುವೆ ನಿಲ್ಲಿಸಬೇಕು. ಚಿಟ್ಟೆಮೀನುಗಳೂ ಕೆಲವು ಏಡಿಗಳೂ ಗರಿಗಳನ್ನು ಕಿತ್ತು ತಿನ್ನುವುದರಿಂದ ಅವುಗಳ ಸಹವಾಸ ಕೂಡದು.

ಇದರ ಆಹಾರವು ನೀರಿನಲ್ಲಿ ತೇಲುವ ಅತಿ ಸೂಕ್ಷ್ಮವಾದ ಪಾಚಿ ಮುಂತಾದುವು. ಸೀಸೆಗಳಲ್ಲಿ ದೊರೆಯುವ ಅಂತಹ ಪಾಚಿಯನ್ನು ವಾರಕ್ಕೆ ಹಲವು ಬಾರಿ, ಪಂಪನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಪಿಚಕಾರಿಯಿಂದ ಗರಿಗಳ ಸಮೀಪದಲ್ಲಿ ಮೆಲ್ಲನೆ ಬಿಡತಕ್ಕದ್ದು. ಅತಿಯಾದರೆ ಉಳಿದುದು ಕೊಳೆತು ನೀರು ಕೆಡುವುದು. ವಾರಕ್ಕೊಮ್ಮೆ ಹತ್ತನೆಯ ಒಂದು ಪಾಲು ನೀರನ್ನು ಬದಲಾಯಿಸುವುದು ಹಿತ.

ಗರಿಯ ಕಿರೀಟವು ಉದುರಿದರೆ ಹುಳು ಸತ್ತಿತೆಂದು ಎಸೆಯಬೇಡಿರಿ. ಕ್ಲೇಶವಾದಾಗ ಕಿರೀಟವನ್ನು ಕಳಚುವುದು ಇವುಗಳಲ್ಲಿ ಉಂಟು. ನೀರನ್ನು ಸರಿಪಡಿಸಿದರೆ ಕೆಲವು ವಾರಗಳಲ್ಲಿ ಹೊಸತು ಮೂಡಬಹುದು. ಹೊಸ ಗರಿಗಳು ಹಿಂದಿನವುಗಳಿಗಿಂತ ಸಣ್ಣವಾದರೆ ಹುಳು ಹಸಿದಿದೆಯೆಂದು ಊಹಿಸಬೇಕು.

ಕಡೆಯದಾಗಿ ಒಂದು ಎಚ್ಚರಿಕೆ. ಕ್ರಿಸ್ಮಸ್ ಮರದ ಹುಳುವೆಂಬ ಬಣ್ಣಬಣ್ಣದ ಜಾತಿಯು ಸಜೀವ ಹವಳದಲ್ಲಿ ಹುದುಗಿ ಬಾಳುವುದು. ಅದನ್ನು ತರುವುದೆಂದರೆ ಹವಳವನ್ನೇ ಒಡೆದು ತರುವುದು. ಬಂಡೆ ಕಟ್ಟುವ ಹವಳಗಳನ್ನು ೨೦೦೧ರಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಆದುದರಿಂದ ಅಂತಹುದನ್ನು ಕೊಳ್ಳುವುದು ಅಪರಾಧವೂ ಹೌದು, ಕಡಲಿಗೆ ನಷ್ಟವೂ ಹೌದು. ಹವಳವನ್ನು ನೋಡುವ ಆಸೆಯಿರುವವರು ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಹೋಗಿ, ನೀರಿನಲ್ಲಿ ಮುಳುಗಿ, ಮುಟ್ಟದೆ ನೋಡಿ ಬರಬಹುದು. ಪ್ರತಿದಿನವೂ ನೀರನ್ನು ಪರೀಕ್ಷಿಸುವ ತಾಳ್ಮೆಯುಳ್ಳವರು ಮಾತ್ರ ಮೆದುಕೊಳವೆಯ ಹುಳುವೊಂದನ್ನು ತಂದು ಸಾಕಲಿ. ಬಾಯಿಲ್ಲದ ಜೀವಿಯ ಹಸಿವನ್ನು ಕೇಳದೆಯೇ ಅರಿಯುವ ಅಭ್ಯಾಸವು ಮನೆಯ ಮಕ್ಕಳಿಗೂ ಇದರಿಂದ ದೊರೆಯುವುದು.