ದೌಲತಾಬಾದಿಗೆ ಮನೆ ನೋಡಲು ಹೋದ ದಿನ

ಕಳೆದ ವರ್ಷ ಸೀತಾಫಲದ ಸುಗ್ಗಿಯಲ್ಲಿ ಒಂದು ಭಾನುವಾರ, ಮನೆಯವಳನ್ನು ಬೈಕಿನಲ್ಲಿ ಕೂರಿಸಿಕೊಂಡು ದೌಲತಾಬಾದಿಗೆ ಬಾಡಿಗೆ ಮನೆ ನೋಡಲು ಹೋದೆ. ಕಾರ್ನಾಡರ ‘ತುಘಲಕ್’ ಓದಿದವರಿಗೆ ಈ ಊರಿನ ಹೆಸರು ಕೇಳಿದ ಕೂಡಲೇ ಗುಳೆಯ ನೆನಪಾಗುತ್ತದೆ. 1327ರಲ್ಲಿ ಸುಲ್ತಾನನ ಅಪ್ಪಣೆಗೆ ದಿಲ್ಲಿಯ ಜನ ಗಂಟುಮೂಟೆ ಕಟ್ಟಿಕೊಂಡು ಇಲ್ಲಿಗೆ ಬಂದರು. ನಮ್ಮನ್ನು ಹೊರಡಿಸಿದ್ದು ಬಾಡಿಗೆ.

ನಾನು ಬೀದರ ಜಿಲ್ಲೆಯವನು. ಛತ್ರಪತಿ ಸಂಭಾಜಿನಗರದ ಚಿಕಲಠಾಣಾ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತೇನೆ. 2016ರಲ್ಲಿ ಮುಕುಂದವಾಡಿಯಲ್ಲಿ ಎರಡು ಕೋಣೆಯ ಮನೆ ಹಿಡಿದಾಗ ಸಂಬಳ 14,000, ಬಾಡಿಗೆ 3,500. ಈಗ ಸಂಬಳ 24,000. ಮಾಲಕಿ ಕಾಕೂ ಕೇಳಿದ್ದು 9,000. ಅಂದು ಸಂಬಳದ ಕಾಲು ಭಾಗ ಬಾಡಿಗೆಗೆ ಹೋಗುತ್ತಿತ್ತು, ಇನ್ನು ಮೂರನೇ ಒಂದು ಪಾಲಿಗೂ ಮೀರುತ್ತದೆ.

“ಬಾಜೂ ಬಿಲ್ಡಿಂಗಿನವರು ಹನ್ನೊಂದು ಸಾವಿರ ತಗೋತಾರಪ್ಪಾ. ನನಗೂ ಔಷಧಿ ಖರ್ಚದ” ಎಂದರು ಕಾಕೂ. ಅವರ ಮಾತು ಸುಳ್ಳಲ್ಲ. ಗಂಡ ತೀರಿಕೊಂಡ ಮೇಲೆ ಅವರ ಬದುಕು ನಡೆದಿರುವುದೇ ಈ ಬಾಡಿಗೆಯ ಮೇಲೆ.

ಆದರೆ ಬಾಜೂ ಬಿಲ್ಡಿಂಗು ಹೇಗೆ ಬಂತು? ಶೇಂದ್ರಾ ಮತ್ತು ಬಿಡ್ಕಿನ್‌ನಲ್ಲಿ ಸುಮಾರು 10,000 ಎಕರೆಯ ‘ಆರಿಕ್’ ಕೈಗಾರಿಕಾ ನಗರ ಎದ್ದಿದೆ. 2024ರಲ್ಲಿ ನಮ್ಮ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಬಿಡ್ಕಿನ್‌ನಲ್ಲಿ ಸುಮಾರು 20,000 ಕೋಟಿ ರೂಪಾಯಿಯ ಕಾರ್ಖಾನೆಗೆ ಒಪ್ಪಂದ ಮಾಡಿಕೊಂಡಿತು. ಬೆಂಗಳೂರಿನ ಏಥರ್ ಕೂಡ ಇಲ್ಲಿಗೆ ಬರುವುದಾಗಿ ಹೇಳಿತು. ಕಾರ್ಖಾನೆಯ ಗೋಡೆ ಏಳುವ ಮೊದಲೇ ಜಾಗದ ಬೆಲೆ ಏರಿತು. ನಮ್ಮ ಓಣಿಯಲ್ಲಿ ಪತ್ರಾಸಿನ ಮಾಡಿನ ಆರು ಮನೆಗಳನ್ನು ಕೆಡವಿ ಲಿಫ್ಟಿನ ಅಪಾರ್ಟ್‌ಮೆಂಟ್ ಕಟ್ಟಿದರು. ದುಡಿಯುವ ಮೂವರು ಹುಡುಗರು ಒಂದು ಫ್ಲಾಟಿಗೆ ತಲೆಗೆ ನಾಲ್ಕು ಸಾವಿರದಂತೆ ಹಾಕಿದರೂ ಹನ್ನೆರಡು ಸಾವಿರ. ಒಬ್ಬನ ದುಡಿಮೆಯ ಮೇಲೆ ನಿಂತ ಸಂಸಾರ ಅವರೊಡನೆ ಪೈಪೋಟಿಗಿಳಿಯಲಾರದು.

ದೌಲತಾಬಾದಿನ ಮನೆ ಚೆನ್ನಾಗಿತ್ತು. ಕಿಟಕಿ ತೆರೆದರೆ ದೇವಗಿರಿಯ ಗುಡ್ಡ. ಬಾಡಿಗೆ 4,500. ಮನೆಯವಳು ಅಂಗಳದಲ್ಲೇ ಕುಳಿತು ಲೆಕ್ಕ ಹಾಕಿದಳು: “ಉಳಿಯೋದು ನಾಲ್ಕೂವರೆ ಸಾವಿರ. ಕೆಲಸಕ್ಕೆ ಹೋಗಿಬರೋದು ದಿನಾ ಐವತ್ತು ಕಿಲೋಮೀಟರು, ತಿಂಗಳಿಗೆ ಪೆಟ್ರೋಲ್ 2,700. ಮಗಳ ಶಾಲೆಯ ಆಟೊ 1,500. ಕೈಗೆ ಬಂದದ್ದು ಮುನ್ನೂರು ರೂಪಾಯಿ ನೋಡ್ರಿ.” ದಿನಕ್ಕೆ ಎರಡು ತಾಸು ರಸ್ತೆಯ ಪಾಲಾಗುವುದು ಬೇರೆ. ದೂರದ ಮನೆ ಅಗ್ಗ ಎನ್ನುವವರು ದಾರಿಯ ಖರ್ಚನ್ನೂ ಬಾಡಿಗೆಗೆ ಕೂಡಿಸಿ ನೋಡಬೇಕು.

ಬರಿಗೈಲಿ ಮರಳಿದ ನಾವು ಕಾಕೂ ಎದುರು ಕುಳಿತೆವು. ಇಷ್ಟು ವರ್ಷ ನಮ್ಮ ನಡುವೆ ಬರೀ ಬಾಯಿಮಾತು. ಹನ್ನೊಂದು ತಿಂಗಳ ಕರಾರಿಗೆ ನೋಂದಣಿ ಬೇಡ ಎಂದು ಬಹಳ ಜನ ನಂಬಿದ್ದಾರೆ. ಆದರೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ ‘ಲೀವ್ ಅಂಡ್ ಲೈಸೆನ್ಸ್’ ಕರಾರು ಎಷ್ಟೇ ತಿಂಗಳದ್ದಿರಲಿ, ಬರಹದಲ್ಲಿರಬೇಕು, ನೋಂದಣಿಯಾಗಬೇಕು. ಅದು ಮಾಲೀಕರ ಹೊಣೆ. ಬರಹವಿಲ್ಲದಿದ್ದರೆ, ಮಾಲೀಕರು ಬೇರೆ ರೀತಿ ಸಾಬೀತುಪಡಿಸುವವರೆಗೆ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಜವೆನಿಸುತ್ತದೆ. ಹಾಗೆಂದು ಕಾಗದ ಬಾಡಿಗೆದಾರನನ್ನು ಶಾಶ್ವತವಾಗಿ ಕಾಯುವುದಿಲ್ಲ. ಅವಧಿ ಮುಗಿದರೆ ಬಿಡಲೇಬೇಕು. ಆದ್ದರಿಂದ ಅವಧಿ ಉದ್ದವಿರಬೇಕು, ವರ್ಷಕ್ಕೆ ಎಷ್ಟು ಏರಿಕೆ ಎಂಬುದು ಮೊದಲೇ ಬರೆದಿರಬೇಕು.

ಮೂರು ವರ್ಷ, 8,000ದಿಂದ ಶುರು, ವರ್ಷಕ್ಕೆ ಶೇ. 5 ಏರಿಕೆ ಎಂದು ಗೊತ್ತುಮಾಡಿದೆವು. ತಿಂಗಳಿಗೆ ಸಾವಿರ ಕಡಿಮೆಯಾದರೂ ಮನೆ ಖಾಲಿ ಬೀಳುವ ಭಯ ಕಾಕೂಗೆ ತಪ್ಪಿತು.

ಎಲ್ಲರಿಗೂ ಇಂಥ ಕಾಕೂ ಸಿಗುವುದಿಲ್ಲ. ಕಾರ್ಖಾನೆಗೆ ಸಾವಿರಾರು ಎಕರೆ ಕೊಡುವ ಸರ್ಕಾರ ಅಲ್ಲಿ ದುಡಿಯುವವರ ಬಾಡಿಗೆ ಮನೆಗಳಿಗೂ ಅದರಲ್ಲೇ ಜಾಗ ತೆಗೆದಿಡಬೇಕು. ಹಿಂದೆ ಸರ್ಕಾರದ್ದೇ ಸಂಸ್ಥೆಯಾದ ಸಿಡ್ಕೋ ಇದೇ ಊರಿನಲ್ಲಿ ಸಣ್ಣ ಸಂಬಳದವರಿಗೂ ಮನೆ ಕಟ್ಟಿಕೊಟ್ಟಿದೆ, ಆಗದ ಕೆಲಸವೇನಲ್ಲ.

ನೋಂದಣಿಯ ದಿನ ಪಾತ್ರೆ ತೊಳೆದು ಸವೆದ ಕಾಕೂ ಹೆಬ್ಬೆರಳ ಗುರುತನ್ನು ಯಂತ್ರ ಹಿಡಿಯಲಿಲ್ಲ. ಮನೆಯವಳು ಸೆರಗಿನಿಂದ ಒರೆಸಿ, ತಾನೇ ಅವರ ಬೆರಳು ಒತ್ತಿ ಹಿಡಿದಳು. ನಾಲ್ಕನೇ ಸಲಕ್ಕೆ ಹಸಿರು ದೀಪ ಹತ್ತಿತು.