ಹಾಡಿನ ಸಿ.ಡಿ.ಯೊಳಗೆ ಅಡಗಿ ಬಂದ ತಂತ್ರಾಂಶ

ದುಡ್ಡು ಕೊಟ್ಟು ಅಸಲಿ ಸಿ.ಡಿ. ಕೊಂಡವರ ಕಂಪ್ಯೂಟರಿಗೇ ಅಪಾಯ ಬಂತು. ಕಳ್ಳಪ್ರತಿ ಕೇಳಿದವರಿಗೆ ಆ ಭಯವೇ ಇರಲಿಲ್ಲ. ಅಮೆರಿಕದಲ್ಲಿ 2005ರಲ್ಲಿ ಆದದ್ದು ಇದು.

ಆ ವರ್ಷದ ಅಕ್ಟೋಬರ್ 31ರಂದು ವಿಂಡೋಸ್ ತಜ್ಞ ಮಾರ್ಕ್ ರಸಿನೋವಿಚ್ ತಮ್ಮ ಕಂಪ್ಯೂಟರಿನಲ್ಲಿ ಕಣ್ಣಿಗೆ ಬೀಳದ ಕಡತಗಳಿರುವುದನ್ನು ಬಯಲಿಗೆಳೆದರು. ಜಾಡು ಹಿಡಿದು ಹೋದರೆ ಸಿಕ್ಕಿದ್ದು ಸೋನಿ ಬಿಎಂಜಿ ಎಂಬ ಸಂಗೀತ ಕಂಪನಿಯ ಒಂದು ಹಾಡಿನ ಸಿ.ಡಿ. ಅದರಲ್ಲಿದ್ದ ಎಕ್ಸ್‌ಸಿಪಿ ಎಂಬ ತಂತ್ರಾಂಶ, ಮೂರಕ್ಕಿಂತ ಹೆಚ್ಚು ಪ್ರತಿ ತೆಗೆಯದಂತೆ ತಡೆಯುತ್ತಿತ್ತು. ಕಲಾವಿದರ ಹಕ್ಕು ಕಾಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾದ ರೀತಿ?

ಒಂದು ಫೋಲ್ಡರಿನಲ್ಲಿ ಏನೇನಿದೆ ಎಂದು ಯಾವ ಪ್ರೋಗ್ರಾಂ ಕೇಳಿದರೂ ಆ ಪ್ರಶ್ನೆ ವಿಂಡೋಸ್‌ನ ಒಳತಿರುಳಾದ ಕರ್ನಲ್‌ಗೆ ಹೋಗುತ್ತದೆ. ಎಕ್ಸ್‌ಸಿಪಿ ಅಲ್ಲೇ ಕೂತು ಉತ್ತರವನ್ನು ತಿದ್ದುತ್ತಿತ್ತು. ಒಂದು ಗೊತ್ತಾದ ಗುರುತಿನಿಂದ ಹೆಸರು ಶುರುವಾಗುವ ಕಡತಗಳನ್ನೆಲ್ಲ ಪಟ್ಟಿಯಿಂದ ತೆಗೆದುಬಿಡುತ್ತಿತ್ತು. ಪಹಣಿಯಿಂದ ಸರ್ವೆ ನಂಬರು ಅಳಿಸಿದ ಹಾಗೆ: ಹೊಲ ಇದ್ದಲ್ಲೇ ಇರುತ್ತದೆ, ದಾಖಲೆ ಕೇಳಿದವರಿಗೆ ಸಿಗುವುದಿಲ್ಲ. ಇಂಥ ಕಳ್ಳಮರೆಗೆ ರೂಟ್‌ಕಿಟ್ ಎನ್ನುತ್ತಾರೆ.

ಆ ಗುರುತನ್ನು ಯಾರು ಬೇಕಾದರೂ ಬಳಸಬಹುದಿತ್ತು. ಎರಡು ವಾರ ತುಂಬುವ ಮೊದಲೇ ಅದೇ ಮರೆಯಲ್ಲಿ ಅವಿತುಕೊಳ್ಳುವ ವೈರಸ್ ಬಂತು. ಎಕ್ಸ್‌ಸಿಪಿಯನ್ನು ಗೊತ್ತಿಲ್ಲದೆ ಕೈಯಾರೆ ಕಿತ್ತರೆ ಸಿ.ಡಿ. ಡ್ರೈವೇ ಕೆಲಸ ನಿಲ್ಲಿಸುತ್ತಿತ್ತು. ಕಂಪನಿ ಕೊಟ್ಟ ತೆಗೆಯುವ ಸಾಧನವೋ ಇನ್ನೊಂದು ಬಾಗಿಲನ್ನೇ ತೆರೆದಿಟ್ಟಿತು. ಅದರ ಮೂಲಕ ಯಾವ ಜಾಲತಾಣವೂ ಕಂಪ್ಯೂಟರಿನೊಳಗೆ ತನ್ನ ಪ್ರೋಗ್ರಾಂ ಓಡಿಸಬಹುದೆಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಡ್ ಫೆಲ್ಟನ್ ಮತ್ತು ಅಲೆಕ್ಸ್ ಹಾಲ್ಡರ್‌ಮನ್ ತೋರಿಸಿಕೊಟ್ಟರು. ಅಷ್ಟರಲ್ಲಿ ಸುಮಾರು 21 ಲಕ್ಷ ಸಿ.ಡಿ. ಮಾರಾಟವಾಗಿದ್ದವು.

ಗ್ರಾಹಕರು ತಂತ್ರಾಂಶದ ಒಪ್ಪಂದಕ್ಕೆ ಒಪ್ಪಿಗೆ ಒತ್ತಿದ್ದರು, ನಿಜ. ಆದರೆ ಕಡತ ಮರೆಮಾಡುವ ಸಂಗತಿ ಅದರಲ್ಲಿ ಇರಲೇ ಇಲ್ಲ. ಹೇಳದೇ ಇದ್ದದ್ದಕ್ಕೆ ಒಪ್ಪಿಗೆ ಎಲ್ಲಿಯದು? ನನ್ನ ಮಟ್ಟಿಗೆ ಇಡೀ ಪ್ರಕರಣದ ಗಂಟು ಇದೇ.

ನವೆಂಬರ್ 21ರಂದು ಟೆಕ್ಸಸ್ ರಾಜ್ಯ ಮೊಕದ್ದಮೆ ಹೂಡಿತು. ಅದೇ ದಿನ ಕ್ಯಾಲಿಫೋರ್ನಿಯಾದಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎಂಬ ಸಂಸ್ಥೆ ಗ್ರಾಹಕರ ಪರವಾಗಿ ಕೋರ್ಟಿಗೆ ಹೋಯಿತು. 2006ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ನ್ಯಾಯಾಲಯ ಒಪ್ಪಿದ ರಾಜಿಯಲ್ಲಿ ಕೊಂಡವರಿಗೆ ಮರೆಯಿಲ್ಲದ ಬದಲಿ ಸಿ.ಡಿ., ಜೊತೆಗೆ ಏಳೂವರೆ ಡಾಲರ್ ಮತ್ತು ಒಂದು ಆಲ್ಬಂ, ಇಲ್ಲವೇ ಮೂರು ಆಲ್ಬಂ ಸಿಕ್ಕವು. ಟೆಕ್ಸಸ್ ಮತ್ತು ಕ್ಯಾಲಿಫೋರ್ನಿಯಾಕ್ಕೆ ಕಂಪನಿ ತಲಾ 7.5 ಲಕ್ಷ ಡಾಲರ್ ತೆತ್ತಿತು.

ಇಂಥದ್ದು ನಮ್ಮಲ್ಲೇ ಆದರೆ? ಚಿತ್ರದುರ್ಗದ ಕೋಟೆಯಲ್ಲಿ ಚಿತ್ರೀಕರಣವಾದ ‘ನಾಗರಹಾವು’ ಚಿತ್ರದ ಹಾಡುಗಳ ಸಿ.ಡಿ.ಯನ್ನು ಹಿರಿಯೂರಿನವರೊಬ್ಬರು ಕೊಂಡು, ಅದರಲ್ಲಿ ಹೀಗೊಂದು ತಂತ್ರಾಂಶ ಬಂದಿತೆನ್ನಿ. 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯ್ದೆಯ 65ಎ ಕಲಮಿನ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ, ಪ್ರತಿ ತೆಗೆಯದಂತೆ ತಡೆಯುವ ಇಂಥ ಬೀಗ ಮುರಿದವರಿಗೆ ಎರಡು ವರ್ಷದವರೆಗೆ ಸಜೆಯಿದೆ. ಬೀಗದ ನೆಪದಲ್ಲಿ ಒಳನುಗ್ಗಿದವರಿಗೂ ಕಾನೂನು ಇದೆ: ಮಾಲೀಕರ ಅನುಮತಿಯಿಲ್ಲದೆ ಕಂಪ್ಯೂಟರಿಗೆ ಕೇಡಿನ ತಂತ್ರಾಂಶ ಸೇರಿಸಿದವರು ಪರಿಹಾರ ಕೊಡಬೇಕೆಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮು ಹೇಳುತ್ತದೆ. ಆ ಪರಿಹಾರ ಕೇಳಲು ಬೆಂಗಳೂರಿನಲ್ಲಿರುವ ಐಟಿ ಇಲಾಖೆಯ ಕಾರ್ಯದರ್ಶಿಯವರೆಗೆ ಹೋಗಬೇಕು. ಹತ್ತಿರದ ದಾರಿ ಗ್ರಾಹಕರ ಕಾಯ್ದೆಯದು. 2019ರ ಈ ಕಾಯ್ದೆಯಡಿ ಹೊಸದುರ್ಗ, ಹೊಳಲ್ಕೆರೆಯವರು ಚಿತ್ರದುರ್ಗದ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು, ಕಂಪನಿ ಎಲ್ಲಿಯದೇ ಆಗಿರಲಿ. ಒಂದೇ ತೊಂದರೆಗೆ ಸಿಕ್ಕ ಹಲವರ ಪರವಾಗಿ ಆಯೋಗದ ಅನುಮತಿ ಪಡೆದು ಒಬ್ಬರೇ ದೂರು ಸಲ್ಲಿಸಲೂ ಅವಕಾಶವಿದೆ.